ಉಗುರಿನಷ್ಟು ಚಿತ್ರಕ್ಕೆ ಮಾರ್ಕ್ಸ್ ಹಾಕೋದು ಹೇಗೆ?

"ಸಾರ್, ಹೇಗಿದೆ?" ಅಂತ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ಎ4 ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟ. ತಿರುಪ್ಪೂರಿನ ಬನಿಯನ್ ಕಂಪೆನಿ ನಡೆಸುವಂಥ ಒಂದು ಮೊಬೈಲ್ ಆಟ ಮಾಡಬೇಕು ಅನ್ನೋದು ಅವನ ಕನಸು. ಅವನ ಅಮ್ಮ ಅಂಥದೇ ಕಂಪೆನಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತಾರೆ. ಆಟ ಇನ್ನೂ ಹುಟ್ಟಿಲ್ಲ, ಮುಖಚಿತ್ರ ಮಾತ್ರ ರೆಡಿ. ಅದರಲ್ಲಿ ಕಟಿಂಗ್ ಮೇಜು, ನಾಲ್ಕು ಓವರ್‌ಲಾಕ್ ಮೆಷಿನ್, ಇಸ್ತ್ರಿ, ಪ್ಯಾಕಿಂಗ್ ಡಬ್ಬಗಳು, ಹೊರಗೆ ಲಾರಿ, ಒಳಗೆ ಹನ್ನೆರಡು ಜನ. ಮೇಲೆ ಕಡು ಹಸಿರು ಪಟ್ಟಿಯಲ್ಲಿ ಕೆಂಪು ಅಕ್ಷರ: "ವಸ್ತ್ರ ಸಾಮ್ರಾಜ್ಯ".

ಸ್ನೇಹಿತರೆಲ್ಲ "ಸೂಪರ್ ಡಾ" ಅಂದರು. ನಾನೂ "ಚೆನ್ನಾಗಿದೆ ಕಣೋ" ಅಂದೆ. ಅವನ ಮುಖ ಅರಳಲಿಲ್ಲ. "ಅಷ್ಟೇನಾ ಸಾರ್?" ಅಂದ.

ಅವನು ಕೇಳಿದ್ದು ಸರಿ. ಉಷ್ಣತೆ ಎಷ್ಟು ಅಂತ ಕೇಳಿದರೆ "ಬಿಸಿ ಇದೆ" ಅಂದ ಹಾಗಾಯಿತು ನನ್ನ ಉತ್ತರ. ಚಿತ್ರವನ್ನೂ ಅಳೆಯಬಹುದಾ? ಎಲ್ಲವನ್ನೂ ಅಳೆಯೋಕೆ ಆಗಲ್ಲ, ಆದರೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯನ್ನೇ ಅಳೆಯಬಹುದು.

ಮೊದಲು ಈ ಚಿತ್ರ ಎಲ್ಲಿ ಕಾಣುತ್ತದೆ ಅಂತ ನೋಡೋಣ. ಗೂಗಲ್ ಪ್ಲೇ ಅಂಗಡಿಗೆ ಆಟದ ಐಕಾನ್ ಕೊಡುವಾಗ 512×512 ಪಿಕ್ಸೆಲ್, ಅಗಲದ ಚಿತ್ರ 1024×500 ಪಿಕ್ಸೆಲ್ ಇರಬೇಕು. ಮಾಡುವವರು ದೊಡ್ಡ ಪರದೆಯಲ್ಲಿ ಹಿಗ್ಗಿಸಿಕೊಂಡು ಬಿಡಿಸುತ್ತಾರೆ. ನೋಡುವವರಿಗೆ ಅದು ಫೋನಿನಲ್ಲಿ ಎರಡು ಮೂರು ಸೆಂಟಿಮೀಟರ್, ಕೆಲವೊಮ್ಮೆ ಹೆಬ್ಬೆರಳಿನ ಉಗುರಿನಷ್ಟು. ಪಕ್ಕದಲ್ಲಿ ಬೇರೆ ಆಟಗಳ ಚಿತ್ರಗಳ ಸಂತೆ. ಬನಿಯನ್ ಅಂಗಡಿಯ ಮೇಲಿನ ಶೆಲ್ಫಿನಲ್ಲಿ ಡಬ್ಬಗಳು ಸಾಲಾಗಿ ಇರುತ್ತವಲ್ಲ, ಗಿರಾಕಿ ಕೆಳಗೆ ನಿಂತು "ಅಣ್ಣಾ, ಅದು ಕೊಡಿ" ಅಂತ ಬೆರಳು ತೋರಿಸುತ್ತಾನಲ್ಲ, ಇದೂ ಹಾಗೇ. ಹಾಗಾಗಿ ಕೈಯಲ್ಲಿ ಹಿಡಿದು ನೋಡಿ ಮಾರ್ಕ್ಸ್ ಹಾಕಿದರೆ ಅದು ತಪ್ಪು ಪರೀಕ್ಷೆ.

ಸರಿಯಾದ ಪರೀಕ್ಷೆಗೆ ಕಂಪ್ಯೂಟರೇನೂ ಬೇಡ. ಎ4 ಹಾಳೆಯ ಉದ್ದ 29.7 ಸೆ.ಮೀ. ಅದು ಫೋನಿನಲ್ಲಿ 3 ಸೆ.ಮೀ. ಆಗುತ್ತದೆ ಅಂದರೆ ಸುಮಾರು ಹತ್ತು ಪಟ್ಟು ಚಿಕ್ಕದಾಯಿತು. ಫೋನನ್ನು ನಾವು 30 ಸೆ.ಮೀ. ದೂರದಲ್ಲಿ ಹಿಡಿಯುತ್ತೇವೆ. ಹಾಳೆಯನ್ನು ಗೋಡೆಗೆ ಅಂಟಿಸಿ ಅದರ ಹತ್ತು ಪಟ್ಟು, ಅಂದರೆ 3 ಮೀಟರ್ ದೂರ ನಿಂತರೆ ಕಣ್ಣಿನಲ್ಲಿ ಎರಡೂ ಒಂದೇ ಕೋನ ಮಾಡುತ್ತವೆ. ರೆಟಿನಾದ ಮೇಲೆ ಬೀಳುವ ಬಿಂಬವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಇಲ್ಲಿ ಒಂದು ಅಂಕಿ ಉಪಯೋಗಕ್ಕೆ ಬರುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಗೋಡೆಗೆ ನೇತು ಹಾಕಿರುವ ಅಕ್ಷರಗಳ ಚಾರ್ಟ್ ನೋಡಿರುತ್ತೀರಿ. ಅದನ್ನು 1862ರಲ್ಲಿ ಮಾಡಿದವರು ನೆದರ್ಲೆಂಡ್ಸಿನ ಹರ್ಮನ್ ಸ್ನೆಲೆನ್. 6/6 ದೃಷ್ಟಿ ಅಂದರೆ ಎರಡು ಗೆರೆಗಳ ನಡುವಿನ ಸಂದು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟಿದ್ದರೂ ಅವು ಬೇರೆ ಬೇರೆ ಅಂತ ಗುರುತಿಸೋದು. 3 ಮೀಟರ್ ದೂರದಲ್ಲಿ ಈ ಕೋನಕ್ಕೆ ಸಿಗುವ ಅಗಲ ಸುಮಾರು 0.87 ಮಿ.ಮೀ. ಫೋನಿನ ದೂರದಲ್ಲಿ 0.087 ಮಿ.ಮೀ. ಇದಕ್ಕಿಂತ ಕಿರಿದಾದ ಸಂದುಗಳೆಲ್ಲ ಕಲಸಿಹೋಗುತ್ತವೆ. ನಮ್ಮ ಹುಡುಗ ಪೆನ್ಸಿಲ್ ಚೂಪು ಮಾಡಿ ಮಾಡಿ ಬಿಡಿಸಿದ ಓವರ್‌ಲಾಕ್ ಮೆಷಿನ್ನಿನ ದಾರಗಳ ಗತಿ ಅದೇ. ಪಾಪ, ಎರಡು ಸಂಜೆ ಅದಕ್ಕೇ ಕೂತಿದ್ದನಂತೆ.

ಕನ್ನಡ ಅಕ್ಷರಕ್ಕೆ ಇನ್ನೊಂದು ಕಷ್ಟ ಇದೆ. ಇಂಗ್ಲಿಷ್ ಆಟಗಳ ಬಗ್ಗೆ ಬರೆಯುವವರು ಇದನ್ನು ಹೇಳೋದಿಲ್ಲ. "ವಸ್ತ್ರ ಸಾಮ್ರಾಜ್ಯ" ಅನ್ನೋದನ್ನು ಒತ್ತೂ ಸೇರಿಸಿ 1 ಸೆ.ಮೀ. ಎತ್ತರ ಬರೆದರೆ ಫೋನಿನಲ್ಲಿ ಅದು 1 ಮಿ.ಮೀ. ಅದರ ಮೂರನೇ ಒಂದು ಭಾಗ ಒತ್ತಿಗೆ ಹೋದರೆ ಅದಕ್ಕೆ ಸಿಗೋದು 0.33 ಮಿ.ಮೀ. ಆ ಜಾಗದಲ್ಲಿ ತ ಒತ್ತೂ ರ ಒತ್ತೂ ಎರಡೂ ಕೂರಬೇಕು. ನಮ್ಮ ಲೆಕ್ಕದ ಪ್ರಕಾರ ಅಲ್ಲಿ ಮೂರು ನಾಲ್ಕು ಗೆರೆಯ ಅಗಲಕ್ಕೆ ಮಾತ್ರ ಜಾಗ. ಒತ್ತು ಬರೀ ಚುಕ್ಕೆ ಆಗುತ್ತದೆ, ಓದುವವನು "ವಸ" ಅಂತ ನಿಲ್ಲುತ್ತಾನೆ. "ಬನಿಯನ್ ಅಂಗಡಿ" ಅಂತ ಇಟ್ಟರೆ ಒತ್ತೇ ಇಲ್ಲ, ಅದೇ ಎತ್ತರದಲ್ಲಿ ಮೂಲ ಅಕ್ಷರ ದೊಡ್ಡದಾಗಿ ಕೂರುತ್ತದೆ. ಸಾಮ್ರಾಜ್ಯದ ಗತ್ತು ಹೋಯಿತು, ನಿಜ.

ಆಮೇಲೆ ಬಣ್ಣ. ಹಸಿರಿನ ಮೇಲೆ ಕೆಂಪು ಎದ್ದು ಕಾಣುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಸಣ್ಣ ಆಕಾರಗಳ ಅಂಚು ಹಿಡಿಯೋಕೆ ಕಣ್ಣಿಗೆ ಬಣ್ಣದ ವ್ಯತ್ಯಾಸಕ್ಕಿಂತ ಹೊಳಪಿನ ವ್ಯತ್ಯಾಸ ಹೆಚ್ಚು ಬೇಕು. ವೆಬ್ ಪುಟಗಳಿಗೆ ಒಂದು ಅಳತೆ ಇದೆ: ಎರಡು ಬಣ್ಣಗಳ ಹೊಳಪಿಗೂ 0.05 ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಕಪ್ಪು ಬಿಳುಪಿಗೆ 21 ಬರುತ್ತದೆ. ಓದುವ ಅಕ್ಷರಕ್ಕೆ ಕನಿಷ್ಠ 4.5 ಇರಲಿ ಅನ್ನುತ್ತಾರೆ. ಪರದೆಯ ಶುದ್ಧ ಕೆಂಪಿನ ಹೊಳಪು 0.2126, ಕಡು ಹಸಿರಿನದು ಸುಮಾರು 0.154. ಲೆಕ್ಕ ಮಾಡಿ, ಬರೋದು ಬರೀ 1.28! ಅದೇ ಹಸಿರಿನ ಮೇಲೆ ಹಳದಿ (0.9278) ಇಟ್ಟರೆ 4.8 ಬರುತ್ತದೆ. ಕೆಂಪು ಹಸಿರು ಬೇರ್ಪಡಿಸೋಕೆ ಕಷ್ಟಪಡುವ ಮಕ್ಕಳೂ ಪ್ರತಿ ಶಾಲೆಯಲ್ಲಿ ಇರುತ್ತಾರೆ, ಹೆಚ್ಚಾಗಿ ಹುಡುಗರು, ಯಾಕಂದರೆ ಆ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಲೆಕ್ಕ ಬೇಡ ಅನ್ನುವವರು ಚಿತ್ರದ ಫೋಟೋ ತೆಗೆದು ಕಪ್ಪು ಬಿಳುಪು ಫಿಲ್ಟರ್ ಹಾಕಿ. ಹೆಸರು ಮಾಯವಾದರೆ ಫೇಲ್.

ಕಾಣೋದು ಒಂದು, ಅರ್ಥವಾಗೋದು ಇನ್ನೊಂದು. ಅಂಗಡಿ, ಹೋಟೆಲು, ಕಾರ್ಖಾನೆ ನಡೆಸುವ ಆಟಗಳಲ್ಲಿ ಮಜಾ ಇರೋದು ಕಟ್ಟಡದಲ್ಲಲ್ಲ, ಕೆಲಸ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳೋದರಲ್ಲಿ. ಹೊಲಿಗೆ ಬೇಗ ಮುಗಿದರೂ ಚೆಕಿಂಗ್ ಮೇಜಿಗೆ ಒಬ್ಬರೇ ಇದ್ದರೆ ಬನಿಯನ್ ಗುಡ್ಡೆ ಬೀಳುತ್ತದೆ, ಲಾರಿ ಕಾಯುತ್ತದೆ. ಆಡುವವನು ಬಿಡಿಸಬೇಕಾದ ಗಂಟು ಅದೇ. ಹನ್ನೆರಡು ಜನರ ಬದಲು ಗುಡ್ಡೆಬಿದ್ದ ಬನಿಯನ್, ಅದರ ಹಿಂದೆ ಒಂದೇ ಮುಖ, ಕೈಯಲ್ಲಿ ದಾರ ಕತ್ತರಿಸುವ ಸಣ್ಣ ಕತ್ತರಿ ಇದ್ದರೆ ಸಾಕಲ್ಲವಾ? ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಮಕ್ಕಳ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಫೋನಿನಲ್ಲಿ ಇಂಗ್ಲಿಷ್. ಹೆಸರು ಓದಲಾಗದವರಿಗೂ ಚಿತ್ರ ಮಾತಾಡಬೇಕು. ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಸೆಕೆಂಡ್ ತೋರಿಸಿ, ಮುಚ್ಚಿ, ಕೇಳಿ: "ಇದರಲ್ಲಿ ನೀನು ಏನು ಕೆಲಸ ಮಾಡ್ತೀಯ?" ಬಂದ ಉತ್ತರವನ್ನು ತಿದ್ದದೆ ಹಾಗೇ ಬರೆದುಕೊಳ್ಳಿ.

ಈ ಪ್ರಶ್ನೆಯ ಹಿಂದೆ ಇನ್ನೊಂದು ವಿಷಯ ಇದೆ. ಹೆಚ್ಚು ಜನ ಬೆರಳಿಟ್ಟ ಚಿತ್ರವೇ ಒಳ್ಳೆಯದು ಅನ್ನೋ ಹಾಗಿಲ್ಲ. ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಹೆಸರು ಕೇಳಿರಬಹುದು, ಮೂರು ಮೂರು ಜೋಡಿಸಿ ಮನೆ, ತೋಟ ಅಂದಗೊಳಿಸುವ ಆಟಗಳು. ಅವುಗಳ ಜಾಹೀರಾತಿನಲ್ಲಿ ಸಲಾಕೆ ಎಳೆಯುವ ಬೇರೆಯೇ ಒಗಟು ತೋರಿಸಿದ್ದರು. ಆಟದ ಮುಖ್ಯ ಭಾಗ ಅದಲ್ಲ, ಇದು ದಾರಿ ತಪ್ಪಿಸುತ್ತದೆ ಅಂತ ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರ 2020ರಲ್ಲಿ ಅಂಥ ಜಾಹೀರಾತುಗಳನ್ನು ತಡೆಯಿತು. ಕಂಪ್ಯೂಟರ್ ಆಟಗಳ ಸ್ಟೀಮ್ ಅಂಗಡಿಯೂ 2022ರ ಸೆಪ್ಟೆಂಬರಿನಿಂದ ಮುಖಚಿತ್ರದ ಮೇಲೆ ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ ಬರೆಯಬಾರದು ಅಂತ ನಿಯಮ ಮಾಡಿತು. ಅಮ್ಮನ ಫೋನಿನ ಡೇಟಾ ಖರ್ಚು ಮಾಡಿ ಇಳಿಸಿಕೊಂಡ ಆಟ ಚಿತ್ರದಲ್ಲಿದ್ದಂತೆ ಇಲ್ಲದಾಗ ಆಗುವ ಸಿಟ್ಟು ನಿಮಗೇ ಗೊತ್ತು.

ಮಾಡಿ ನೋಡಿ

ಚಿತ್ರದಲ್ಲಿ ಒಂದೇ ಒಂದು ಬದಲಾವಣೆ ಮಾಡಿ ಎರಡನೇ ಪ್ರತಿ ತಯಾರಿಸಿ. ಹೆಸರು, ಬಣ್ಣ, ಮುಖ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭ ಆಯಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಗೂಗಲ್ ಪ್ಲೇ 2015ರಿಂದ ಆಟ ಮಾಡುವವರಿಗೆ ಇಂಥ ಪ್ರಯೋಗಕ್ಕೆ ಅವಕಾಶ ಕೊಟ್ಟಿದೆ: ಬರುವವರಲ್ಲಿ ಕೆಲವರಿಗೆ ಹಳೇ ಚಿತ್ರ, ಕೆಲವರಿಗೆ ಹೊಸದು. ನಾವು ಗೋಡೆಯ ಮೇಲೆ ಎರಡನ್ನೂ ಅಂಟಿಸಿ, 3 ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದು, ಒಬ್ಬೊಬ್ಬರನ್ನೇ ಕರೆದು "ಯಾವುದನ್ನು ಒತ್ತುತ್ತೀಯ?" ಅಂತ ಕೇಳೋಣ. ಬಿಡಿಸಿದವರು ಯಾರು ಅಂತ ಹೇಳಬೇಡಿ. ಅರ್ಧ ಜನ ಮುಗಿದ ಮೇಲೆ ಎಡದ್ದನ್ನು ಬಲಕ್ಕೆ ಹಾಕಿ, ಕೆಲವರು ಸುಮ್ಮನೆ ಎಡಗಡೆಯದನ್ನೇ ತೋರಿಸುತ್ತಾರೆ.

20 ಜನರಲ್ಲಿ 12 ಜನ ಹೊಸದನ್ನು ಆರಿಸಿದರು ಅಂತ ಇಟ್ಟುಕೊಳ್ಳಿ. ಗೆದ್ದೆವಾ? ಒಂದು ನಾಣ್ಯವನ್ನು 20 ಸಲ ಚಿಮ್ಮಿದರೆ 12 ಅಥವಾ ಹೆಚ್ಚು ಸಲ ಹೆಡ್ ಬೀಳುವ ಸಂಭವ ಸುಮಾರು ಶೇ. 25. ಅಂದರೆ ಬರೀ ಅದೃಷ್ಟದಿಂದಲೂ ಇಷ್ಟು ಬರುತ್ತದೆ. 15 ಅಥವಾ ಹೆಚ್ಚು ಬೀಳೋದು ಶೇ. 2 ಮಾತ್ರ, ಅಷ್ಟು ಬಂದರೆ ನಂಬಬಹುದು. 12 ಬಂದರೆ ಪಕ್ಕದ ಸೆಕ್ಷನ್ನಿನ ಮಕ್ಕಳನ್ನೂ ಕರೆದು ತನ್ನಿ.