ಐಪಿ ವಿಳಾಸ ಮತ್ತು ವರ್ತಕರು

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿಯ ಅನೇಕ ವರ್ತಕ ಬಾಂಧವರು ಜಿಎಸ್‌ಟಿ ರಿಟರ್ನ್‌ಗಳನ್ನು ತೆರಿಗೆ ಸಲಹೆಗಾರರ ಕಚೇರಿಯಿಂದಲೇ ಸಲ್ಲಿಸುತ್ತಾರೆ. ಆಗ ದಾಖಲಾಗುವ ಐಪಿ ವಿಳಾಸ ಅಂಗಡಿಯದಲ್ಲ, ಕಚೇರಿಯದು. ನಕಲಿ ಬಿಲ್‌ಗಳ ತನಿಖೆಯಲ್ಲಿ, ಒಂದೇ ಐಪಿ ವಿಳಾಸದಿಂದ ಹಲವು ಸಂಸ್ಥೆಗಳ ರಿಟರ್ನ್ ಬಂದಿರುವುದನ್ನು ಸಂಶಯದ ಎಳೆಯಾಗಿ ನೋಡುವುದುಂಟು. ನನ್ನ ಕಚೇರಿಯನ್ನೇ ಆ ಕಣ್ಣಿನಿಂದ ನೋಡಿದರೆ ಕಕ್ಷಿದಾರರೆಲ್ಲರೂ ಒಂದೇ ಕೂಟದವರಂತೆ ಕಂಡಾರು!

ಅಂತರ್ಜಾಲ ಸಂಪರ್ಕಕ್ಕೆ ಸೇವಾ ಸಂಸ್ಥೆಯು ನೀಡುವ ಸಂಖ್ಯೆಯೇ ಐಪಿ ವಿಳಾಸ. ನಾಲ್ಕನೆಯ ಆವೃತ್ತಿಯಲ್ಲಿ ಇದು ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಗುಂಪು. ಪ್ರತಿಯೊಂದೂ 0ಯಿಂದ 255ರೊಳಗೆ ಇರುತ್ತದೆ. ಇಡೀ ಜಗತ್ತಿಗೆ ದೊರೆಯುವುದು ಸುಮಾರು 429 ಕೋಟಿ ಮಾತ್ರ. ಇವು ಸಾಲದ ಕಾರಣ ಮೊಬೈಲ್ ಸಂಸ್ಥೆಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುತ್ತವೆ. ಆರನೆಯ ಆವೃತ್ತಿಯಲ್ಲಿ ಈ ಕೊರತೆಯಿಲ್ಲ. ಆದರೆ ಎರಡೂ ಇಂದು ಬಳಕೆಯಲ್ಲಿವೆ.

ವಿಳಾಸದಿಂದ ನೇರವಾಗಿ ತಿಳಿಯುವುದು ಸೇವಾ ಸಂಸ್ಥೆ ಯಾವುದು ಮತ್ತು ಸ್ಥಳ ಅಂದಾಜು ಯಾವುದು ಎಂಬಷ್ಟೇ. ಮಸ್ಕಿಯಲ್ಲಿರುವ ಮೊಬೈಲ್ ಬೆಂಗಳೂರಿನದೆಂದು ತೋರಿಬರಬಹುದು. ಗ್ರಾಹಕನ ಹೆಸರು ಬೇಕಾದರೆ, ನಿರ್ದಿಷ್ಟ ಕ್ಷಣದಲ್ಲಿ ಆ ವಿಳಾಸ ಯಾರಿಗಿತ್ತೆಂದು ಸೇವಾ ಸಂಸ್ಥೆಯ ದಾಖಲೆಯಲ್ಲಿ ಹುಡುಕಬೇಕು. ಅದೂ ಸಂಪರ್ಕ ಪಡೆದವನ ಹೆಸರೇ ಹೊರತು ಕೀಲಿಮಣೆ ಒತ್ತಿದವನದಲ್ಲ.

ಇಲ್ಲಿ ತಪ್ಪಾದರೆ ಏನಾಗುತ್ತದೆ? 2007ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು, ಶಿವಾಜಿ ಮಹಾರಾಜರ ಅವಹೇಳನದ ಪ್ರಕರಣದಲ್ಲಿ, ಪುಣೆ ಪೊಲೀಸರು ಬಂಧಿಸಿದರು. ಆಧಾರ ಐಪಿ ವಿಳಾಸ. ಸೇವಾ ಸಂಸ್ಥೆ ನೀಡಿದ ಗ್ರಾಹಕರ ವಿವರವೇ ತಪ್ಪಾಗಿತ್ತು. ನಿರಪರಾಧಿಯು ಸುಮಾರು 50 ದಿನ ಸೆರೆಯಲ್ಲಿ ಕಳೆದರು.

ಸಮಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅನೇಕ ಗಣಕ ದಾಖಲೆಗಳು ಜಾಗತಿಕ ಕಾಲಮಾನದಲ್ಲಿರುತ್ತವೆ. ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಲಿಂಗಸುಗೂರಿನಲ್ಲಿ ಏಪ್ರಿಲ್ 1ರ ನಸುಕಿನ 2 ಗಂಟೆಗೆ ಮಾಡಿದ ಕೆಲಸ ಅಲ್ಲಿ ಮಾರ್ಚ್ 31ರ ರಾತ್ರಿ 8:30 ಎಂದಿರುತ್ತದೆ. ಲೆಕ್ಕಿಗರಿಗೆ ಇದು ವರ್ಷವೇ ಬದಲಾದಂತೆ!

ನೋಟಿಸ್ ಬಂದಲ್ಲಿ ವಿಳಾಸದೊಡನೆ ದಿನಾಂಕ, ಸಮಯ, ಕಾಲಮಾನ ಮತ್ತು ಪೋರ್ಟ್ ಸಂಖ್ಯೆಯನ್ನು ಲಿಖಿತವಾಗಿ ಕೇಳಿರಿ. ವಿಳಾಸವು ಹಲವರಿಗೆ ಹಂಚಿಕೆಯಾಗಿದ್ದರೆ ಪೋರ್ಟ್ ಸಂಖ್ಯೆಯಿಲ್ಲದೆ ಗ್ರಾಹಕನನ್ನು ಗುರುತಿಸುವುದು ಕಷ್ಟ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಗಣಕ ದಾಖಲೆಗಳನ್ನು 180 ದಿನ ಉಳಿಸಲು ಹೇಳುತ್ತದೆ. ತೆರಿಗೆ ನೋಟಿಸ್ ವರ್ಷಗಳ ನಂತರವೂ ಬರಬಹುದು. ಆದಕಾರಣ ನಿಮ್ಮ ರಿಟರ್ನ್ ಸಲ್ಲಿಸುವ ಕಚೇರಿಯಿಂದ ಅಧಿಕಾರಪತ್ರದ ಪ್ರತಿಯನ್ನೂ, ಯಾವ ದಿನ ಯಾರು ಸಲ್ಲಿಸಿದರೆಂಬ ರಿಜಿಸ್ಟರಿನ ನಕಲನ್ನೂ ಪಡೆದು ಆಯಾ ವರ್ಷದ ಕಡತದಲ್ಲಿ ಸೇರಿಸಿಡಿರಿ.