ಹಳೆಯ ಸೈನಿಕ ಬಂದೂಕು: ತುಂಬುವ, ಬರಿದು ಮಾಡುವ ಸುರಕ್ಷಿತ ಕ್ರಮ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿ ಮತ್ತು ಅದರ ಸುತ್ತಲಿನ ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಬಂದೂಕು ಜನರ ಕೈಗೆ ಬರುವುದು ಮುಖ್ಯವಾಗಿ ಬೆಳೆ ಅಥವಾ ಪ್ರಾಣರಕ್ಷಣೆಯ ಪರವಾನಗಿಯಿಂದ, ಹಿರಿಯರಿಂದ ಬಂದ ಬಳುವಳಿಯಿಂದ, ಇಲ್ಲವೇ ಎನ್‌ಸಿಸಿ, ಪೊಲೀಸ್, ಸೈನ್ಯಗಳ ತರಬೇತಿಯಿಂದ. ಈ ಯಾವ ದಾರಿಯಿಂದ ಬಂದರೂ ಬಂದೂಕಿನ ಸುರಕ್ಷತೆ ಅದರೊಳಗಿನ ಯಾವುದೋ ಒಂದು ಕೀಲಿನಲ್ಲಿಲ್ಲ; ಅದು ಹಿಡಿದವರು ಪ್ರತಿ ಸಲವೂ ಒಂದೇ ಕ್ರಮವನ್ನು ತಪ್ಪದೆ ಪಾಲಿಸುವುದರಲ್ಲಿದೆ. ಆ ಕ್ರಮವನ್ನು ನಾಡಿನ ಜನ ‘ತ್ರೀ ನಾಟ್ ತ್ರೀ’ ಎಂದೇ ಕರೆಯುವ ಲೀ-ಎನ್‌ಫೀಲ್ಡ್ ಬಂದೂಕನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಬಂದೂಕಿನ ಪರಿಚಯ

ನಳಿಕೆಯ ಒಳವ್ಯಾಸ 0.303 ಅಂಗುಲ, ಅಂದರೆ ಸುಮಾರು 7.7 ಮಿಲಿಮೀಟರ್ ಇರುವುದರಿಂದ ಈ ಹೆಸರು ಬಂದಿದೆ. 1907ರಲ್ಲಿ ಬ್ರಿಟಿಷ್ ಸೈನ್ಯ ಅಳವಡಿಸಿಕೊಂಡ ಇದರ ಮೂರನೆಯ ಮಾದರಿಯು ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿಯೂ ತಯಾರಾಗಿ, ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರ ಕೈಯಲ್ಲಿದ್ದು, 1962ರ ಚೀನಾ ಯುದ್ಧದಲ್ಲಿಯೂ ಬಳಕೆಯಾಯಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಬೋಲ್ಟ್ ಎಂಬುದು ಕಾಡತೂಸನ್ನು ನಳಿಕೆಯ ಬುಡದ ಕೋಣೆಗೆ ನೂಕಿ, ಹಿಂದಿನಿಂದ ಅಗುಳಿಯಂತೆ ಮುಚ್ಚುವ ಉಕ್ಕಿನ ದಂಡ. ಮ್ಯಾಗಜೀನ್ ಎಂಬುದು ಕೆಳಗಿರುವ, ಹತ್ತು ಕಾಡತೂಸು ಹಿಡಿಯುವ ಪೆಟ್ಟಿಗೆ.

ಹಂತ 1: ಕಾನೂನು ಮತ್ತು ಗುರುತು

ಭಾರತದಲ್ಲಿ .303 ನಿಷೇಧಿತ ವ್ಯಾಸದ ಬಂದೂಕಾಗಿರುವುದರಿಂದ ಅದು ಸಾಮಾನ್ಯ ಪರವಾನಗಿಗೆ ದೊರೆಯುವುದಿಲ್ಲ. ಇಶಾಪುರದಲ್ಲಿಯೇ ಅದೇ ಬೋಲ್ಟ್ ವಿನ್ಯಾಸದ ಮೇಲೆ ತಯಾರಾದ .315 ಬಂದೂಕು ನಾಗರಿಕರಿಗೆ ದೊರೆಯುತ್ತದೆ. ಅಟ್ಟದಲ್ಲಿ ಅಥವಾ ಹಳೆಯ ಪೆಟ್ಟಿಗೆಯಲ್ಲಿ ಬಂದೂಕು ಸಿಕ್ಕಿದರೆ ಅದನ್ನು ಪರೀಕ್ಷಿಸಲು ಹೋಗದೆ ಪೊಲೀಸ್ ಠಾಣೆಗೆ ತಿಳಿಸಬೇಕು. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದಂತಹ ಹಳೆಯ ಕಾಲದ ಆಯುಧಗಳಿಗೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯು ವಿನಾಯಿತಿ ನೀಡುತ್ತದೆ. ಪರವಾನಗಿ ಬಯಸುವವರು ಸುರಕ್ಷತಾ ತರಬೇತಿ ಪಡೆದಿರಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನಾದರೂ ಬಂದೂಕಿನ ಪರವಾನಗಿಯ ಬಲದಿಂದಲೇ ಹೊಡೆಯುವಂತಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು.

ನಂತರ ನಳಿಕೆಯ ಮತ್ತು ಬುಡದ ಮೇಲಿನ ಮುದ್ರೆಯನ್ನು ಓದಬೇಕು. 1960ರ ದಶಕದಲ್ಲಿ ಇಶಾಪುರದಲ್ಲಿ ತಯಾರಾದ 2ಎ1 ಮಾದರಿಯು ನೋಡಲು ತ್ರೀ ನಾಟ್ ತ್ರೀಯಂತೆಯೇ ಇದ್ದರೂ ಅದರ ಕಾಡತೂಸು 7.62 ಮಿಲಿಮೀಟರಿನದು. ಬಂದೂಕಿನ ಮುದ್ರೆಗೂ ಕಾಡತೂಸಿನ ಗುರುತಿಗೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಹಂತ 2: ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳುವುದು

ಬಂದೂಕು ಕೈಗೆ ಬಂದೊಡನೆ ನಳಿಕೆಯ ಬಾಯಿಯನ್ನು ಜನರಿಲ್ಲದ, ಗುಂಡನ್ನು ತಡೆಯಬಲ್ಲ ಮಣ್ಣಿನ ದಿಬ್ಬದ ಕಡೆಗೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ಹೊರಗೆ, ಕಟ್ಟಿಗೆಯ ಮೇಲೆ ನೇರವಾಗಿ ಚಾಚಿಡಬೇಕು. ಎಡಬದಿಯಲ್ಲಿ, ಹಿಂಭಾಗದಲ್ಲಿರುವ ಸುರಕ್ಷತಾ ಸನ್ನೆಯು ಹಿಂದಕ್ಕೆ ಬಾಗಿದ್ದರೆ ಬೋಲ್ಟ್ ತೆರೆಯುವುದಿಲ್ಲವಾದ್ದರಿಂದ ಅದನ್ನು ಮುಂದಕ್ಕೆ ಒತ್ತಿ, ಬೋಲ್ಟಿನ ಹಿಡಿಯನ್ನು ಮೇಲೆತ್ತಿ, ಪೂರ್ತಿ ಹಿಂದಕ್ಕೆ ಎಳೆಯಬೇಕು. ಮ್ಯಾಗಜೀನಿನ ಚಿಲಕವು ಟ್ರಿಗರ್‌ ಸುತ್ತಲಿನ ಕಾವಲು ಬಳೆಯ ಒಳಗೇ ಇರುವುದರಿಂದ, ಬೋಲ್ಟ್ ತೆರೆಯುವ ಮುನ್ನ ಅಲ್ಲಿಗೆ ಬೆರಳು ಹಾಕುವುದು ಅಪಾಯಕರ. ಬೋಲ್ಟ್ ತೆರೆದ ಮೇಲೆಯೇ ಚಿಲಕವನ್ನೊತ್ತಿ ಮ್ಯಾಗಜೀನನ್ನು ತೆಗೆಯಬೇಕು. ಕಡೆಗೆ ಕೋಣೆಯನ್ನು ಬೆಳಕಿನಲ್ಲಿ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ, ಎರಡೂ ಸಾಕ್ಷಿ ಒಂದಾದಾಗ ಮಾತ್ರ ಖಾಲಿ ಎನ್ನಬೇಕು.

ಹಂತ 3: ನಳಿಕೆ ಮತ್ತು ಬೋಲ್ಟಿನ ಪರೀಕ್ಷೆ

ಖಾಲಿ ನಳಿಕೆಯನ್ನು ಬುಡದ ಕಡೆಯಿಂದ ನೋಡಿ, ಕಣಜದ ಗೂಡು, ಮಣ್ಣು, ಬಟ್ಟೆಚೂರುಗಳಿಲ್ಲವೆಂದು ತಿಳಿಯಬೇಕು; ತಡೆಯೊಂದು ಉಳಿದರೆ ನಳಿಕೆಯೇ ಸಿಡಿಯಬಹುದು. ಬೋಲ್ಟಿನ ಹಿಡಿಯ ಬುಡದಲ್ಲಿರುವ ಸಂಖ್ಯೆಯೂ ಬಂದೂಕಿನ ಸಂಖ್ಯೆಯೂ ಒಂದೇ ಆಗಿರಬೇಕು, ಏಕೆಂದರೆ ಬೇರೊಂದು ಬಂದೂಕಿನ ಬೋಲ್ಟ್ ಕೂರಿಸಿದರೆ ಬೋಲ್ಟಿನ ಮುಖಕ್ಕೂ ಕಾಡತೂಸಿನ ಅಂಚನ್ನು ತಡೆದು ನಿಲ್ಲಿಸುವ ನಳಿಕೆಯ ಬುಡಕ್ಕೂ ನಡುವೆ ಇರಬೇಕಾದ ಅಂತರ, ಅಂದರೆ ಹೆಡ್‌ಸ್ಪೇಸ್, ವ್ಯತ್ಯಾಸವಾಗಿ ಕಾಡತೂಸು ಒಡೆಯುವ ಸಂಭವವಿದೆ. ಹಳೆಯ ಬಂದೂಕನ್ನು ಪರವಾನಗಿಯುಳ್ಳ ದುರಸ್ತಿಗಾರರಿಂದ ಅಳೆಸಿ ನೋಡದೆ ಎಂದಿಗೂ ಹಾರಿಸಬಾರದು.

ತೆಂಗಿನ ಸೀಮೆಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕಾಗುತ್ತದೆ. ಕೈಗೆ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆಯನ್ನು ಬೋಲ್ಟಿಗೆ ಸವರಬಾರದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಮಾರ್ಗಶಿರದ ಬೆಳಗಿನ ಚಳಿಯಲ್ಲಿ ಬೋಲ್ಟಿನೊಳಗಿನ ಹೊಡೆಮೊಳೆಯ ಓಟವನ್ನು ತಡೆದು, ಗುಂಡು ಹಾರದಿರುವ ಅಥವಾ ತಡವಾಗಿ ಹಾರುವ ಕುಂದಿಗೆ ಕಾರಣವಾಗಬಹುದು. ಬಂದೂಕಿಗೆಂದೇ ಇರುವ ಖನಿಜ ಎಣ್ಣೆಯನ್ನು ತೆಳುವಾಗಿ ಲೇಪಿಸಿ, ಹಾರಿಸುವ ಮುನ್ನ ನಳಿಕೆ ಮತ್ತು ಕೋಣೆಯನ್ನು ಒಣಬಟ್ಟೆಯಿಂದ ಒರೆಸಬೇಕು.

ಹಂತ 4: ತುಂಬುವುದು

ತುಂಬುವ ಸ್ಥಳ ತೋಟವಲ್ಲ, ಅಧಿಕೃತ ಫೈರಿಂಗ್ ರೇಂಜ್. ಈ ಗುಂಡು ಎರಡೂವರೆ ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗಬಲ್ಲದು. ತೆಂಗಿನ ಬೊಡ್ಡೆಯನ್ನು ಅದಕ್ಕೆ ತಡೆಯೆಂದು ನಂಬುವಂತಿಲ್ಲ, ಸಾಲಿನಾಚೆ ಕಾಯಿ ಕೀಳುವವರು ಇರಬಹುದು. ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ ಧರಿಸಿ, ಎನ್‌ಸಿಸಿ ರೇಂಜಿನಲ್ಲಿ ‘ಭರ್’ ಎಂದು ಕೇಳಿಬರುವಂತಹ ಆದೇಶ ಬಂದ ನಂತರವೇ ಮ್ಯಾಗಜೀನನ್ನು ಮತ್ತೆ ಕೂರಿಸಿ, ತುಂಬಬೇಕು.

ಐದು ಕಾಡತೂಸುಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಚಾರ್ಜರ್ ಎನ್ನುತ್ತಾರೆ. ತೆರೆದ ಬೋಲ್ಟಿನ ಮುಂದಿರುವ ತೋಡಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಕಾಡತೂಸುಗಳ ಬುಡದ ಬಳಿ ಒಂದೇ ಸಮನೆ ಕೆಳಗೊತ್ತಬೇಕು. ಈ ಕಾಡತೂಸುಗಳ ಬುಡದಲ್ಲಿ ಹೊರಚಾಚಿದ ಅಂಚು ಇರುವುದರಿಂದ, ಒಂದೊಂದಾಗಿ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆಯೇ ಇರಬೇಕು. ಹಿಂದೆ ಸಿಕ್ಕಿಬಿದ್ದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬೋಲ್ಟ್ ಕಟ್ಟುತ್ತದೆ. ಬೋಲ್ಟನ್ನು ಮುಂದೆ ನೂಕಿ ಹಿಡಿಯನ್ನು ಕೆಳಗಿಳಿಸಿದಾಗ ಹೊಡೆಮೊಳೆ ಬಿಗಿಗೊಂಡು ಬಂದೂಕು ಸಿದ್ಧವಾಗುತ್ತದೆ. ಆಗ ಸುರಕ್ಷತಾ ಸನ್ನೆಯನ್ನು ಹಿಂದಕ್ಕೆ ಬಾಗಿಸಿದರೂ ನಳಿಕೆಯ ದಿಕ್ಕನ್ನು ಸಡಿಲಿಸಬಾರದು.

ಹಂತ 5: ಗುಂಡು ಹಾರದಿದ್ದಾಗ

ಟ್ರಿಗರ್ ಒತ್ತಿದಾಗ ಸದ್ದು ಬಾರದಿದ್ದರೆ, ಮದ್ದು ತಡವಾಗಿ ಹತ್ತಿಕೊಳ್ಳುವ ಸಂಭವವಿರುವುದರಿಂದ, ಗುರಿಯ ದಿಕ್ಕಿನಲ್ಲಿಯೇ ಹಿಡಿದು ಕನಿಷ್ಠ 30 ಸೆಕೆಂಡು ಕಾದು, ಮುಖವನ್ನು ಪಕ್ಕಕ್ಕಿಟ್ಟು, ಆಮೇಲೆ ಬೋಲ್ಟ್ ತೆರೆಯಬೇಕು. ಸದ್ದು ಮಂದವಾಗಿ ಕೇಳಿದರೆ ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಇನ್ನೊಂದನ್ನು ಹಾರಿಸದೆ ತರಬೇತುದಾರರನ್ನು ಕರೆಯಬೇಕು.

ಹಂತ 6: ಬರಿದು ಮಾಡುವುದು, ಶುಚಿ, ಸಂಗ್ರಹ

‘ಖಾಲಿ ಕರ್’ ಆದೇಶವಾದಾಗ ಎರಡನೆಯ ಹಂತವನ್ನು ಮೊದಲಿಂದ ಕೊನೆಯವರೆಗೆ ಪುನಃ ನಡೆಸಬೇಕು. ಹಳೆಯ ಕಾಡತೂಸುಗಳ ಕಿಡಿಮದ್ದು ನಳಿಕೆಯಲ್ಲಿ ಉಪ್ಪನ್ನು ಉಳಿಸಿ ತುಕ್ಕಿಗೆ ಕಾರಣವಾಗುತ್ತಿದ್ದುದರಿಂದ ಸೈನಿಕರು ಕುದಿನೀರು ಹೊಯ್ದು ತೊಳೆಯುತ್ತಿದ್ದರು. ನಂತರ ಚಿಂದಿ ಎಂಬ ಬಟ್ಟೆಚೂರನ್ನು ಪುಲ್‌ಥ್ರೂ ಹಗ್ಗಕ್ಕೆ ಪೋಣಿಸಿ, ಬುಡದಿಂದ ಬಾಯಿಯ ಕಡೆಗೆ ಎಳೆದು ಒರೆಸುತ್ತಿದ್ದರು. ಕೊಬ್ಬರಿ ಒಣಗುವ ಅಟ್ಟದ ಶಾಖ ಮತ್ತು ಹೊಗೆ ಕಾಡತೂಸಿಗೂ ಕಟ್ಟಿಗೆಗೂ ಕೇಡು. ಬಂದೂಕು ಬೀಗ ಹಾಕಿದ ಕಪಾಟಿನಲ್ಲಿ, ಕಾಡತೂಸು ಬೇರೆ ಬೀಗದಡಿಯಲ್ಲಿ ಇರಬೇಕು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರನ್ನು ಅಪಾಯಕ್ಕೊಡ್ಡಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಬಂದೂಕನ್ನು ಇನ್ನೊಬ್ಬರ ಕೈಗೆ ಕೊಡುವಾಗ ಬೋಲ್ಟ್ ತೆರೆದೇ ಕೊಡಬೇಕು. ಕೊಟ್ಟವರು ಎಷ್ಟೇ ನಂಬಿಕಸ್ಥರಾಗಿದ್ದರೂ ತೆಗೆದುಕೊಂಡವರು ಕೋಣೆಯನ್ನು ತಾವೇ ಮತ್ತೊಮ್ಮೆ ನೋಡಿ, ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಇದರಲ್ಲಿ ಯಾರಿಗೂ ಅವಮಾನವಿಲ್ಲ; ಅಪ್ಪನ ಕೈಯಿಂದ ಮಗನ ಕೈಗೆ ಬರುವ ಬಂದೂಕಿಗೂ ಈ ನಿಯಮ ಒಂದೇ.