ಕಪ್ಪಿನಿಂದ ಕೆತ್ತಿ ತೆಗೆದ ಮುಖ

ಲಿನೋಕಟ್‌ನಲ್ಲಿ ಹೆಣ್ಣಿನ ಮುಖ ಮಾಡುತ್ತೇನೆಂದು ಬರುವವರಿಗೆ ನಾನು ಮೊದಲು ತೋರಿಸುವುದು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ 1952ರಲ್ಲಿ ಕೆತ್ತಿದ ‘ಶೇರ್‌ಕ್ರಾಪರ್’ ಚಿತ್ರವನ್ನು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪಾಲಿಗೆ ಹೊಲ ಮಾಡುತ್ತಿದ್ದ ಕಪ್ಪು ಜನಾಂಗದ ಹೆಂಗಸು. ತಲೆಯ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ, ಗುಂಡಿಯ ಬದಲು ಸೇಫ್ಟಿ ಪಿನ್ ಚುಚ್ಚಿದ ಜಾಕೆಟ್ಟು, ನಮ್ಮತ್ತ ನೋಡದೆ ದೂರಕ್ಕೆ ನೆಟ್ಟ ಕಣ್ಣು. ಉಳಿ ಹಿಡಿದು ನಾನು ಕಲಿತದ್ದರಲ್ಲಿ ಬಹುಪಾಲು ಈ ಮುಖದ ಎದುರು ಕೂತಾಗ ಖಚಿತವಾಯಿತು.

1. ಲಿನೋ ಹಾಳೆಯನ್ನು ಮೊದಲೇ ಕಪ್ಪು ಮಾಡಿ. ಪೆನ್ಸಿಲ್ ಹಿಡಿದ ಕೈ ಬಿಳಿಯ ಮೇಲೆ ಕಪ್ಪನ್ನು ಸೇರಿಸುತ್ತಾ ಹೋಗುತ್ತದೆ. ಲಿನೋದಲ್ಲಿ ಉಲ್ಟಾ: ಕೆತ್ತದೆ ಬಿಟ್ಟದ್ದೆಲ್ಲ ಕಪ್ಪಾಗಿ ಅಚ್ಚಾಗುತ್ತದೆ, ಉಳಿ ಹೋದಲ್ಲಿ ಮಾತ್ರ ಬೆಳಕು. ಹಾಳೆಗೆ ಕಪ್ಪು ಇಂಕು ತೆಳುವಾಗಿ ಬಳಿದು ಒಣಗಿಸಿ, ಸೀಮೆಸುಣ್ಣದಲ್ಲಿ ಬರೆಯಿರಿ. ಬೆಳಕು ಹಣೆಯ ಮೇಲೆ ಎಲ್ಲಿ ಬಿತ್ತು, ಮೂಗಿನ ಪಕ್ಕ ಎಲ್ಲಿ ನಿಂತಿತು ಎಂದು ಯೋಚಿಸುವುದು ಆಗ ತಾನಾಗಿ ಬರುತ್ತದೆ.

2. ಗೆರೆಯ ದಿಕ್ಕೇ ಮೈ. ಲಿನೋದಲ್ಲಿ ಬೂದು ಬಣ್ಣವಿಲ್ಲ. ಕೆನ್ನೆಯ ಉಬ್ಬು, ಕತ್ತಿನ ನರ, ಕಣ್ಣ ಕೆಳಗಿನ ಕುಳಿ, ಎಲ್ಲವನ್ನೂ ಬಿಳಿ ಗೆರೆ ಯಾವ ಕಡೆ ಹರಿಯುತ್ತದೆ, ಎಷ್ಟು ದಪ್ಪ, ಎಷ್ಟು ಒತ್ತಾಗಿ ಎಂಬುದರಿಂದಲೇ ಹೇಳಬೇಕು. ಮರದಲ್ಲಿ ಎಳೆ ಅಡ್ಡ ಬರುತ್ತದೆ. ಅಗಸೆ ಎಣ್ಣೆ ಮತ್ತು ಕಾರ್ಕ್ ಪುಡಿಯನ್ನು ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ ಲಿನೋಗೆ ಎಳೆಯೇ ಇಲ್ಲ, ಉಳಿ ಯಾವ ಕಡೆಗೂ ತಿರುಗುತ್ತದೆ. ಈ ಸ್ವಾತಂತ್ರ್ಯವೇ ಅಪಾಯ. ಎಲ್ಲ ಕಡೆ ಒಂದೇ ಬಗೆಯ ಗೆರೆ ಹಾಕಿದರೆ ಚರ್ಮ, ಕೂದಲು, ಬಟ್ಟೆ ಒಂದರೊಳಗೊಂದು ಕರಗಿಹೋಗುತ್ತವೆ.

ಕ್ಯಾಟ್ಲೆಟ್ ಏನು ಮಾಡಿದರು ನೋಡಿ. ಟೋಪಿಗೆ ಹೆಣಿಗೆಯ ಜಾಡು ಹಿಡಿದ ತುಂಡು ತುಂಡು ಕೆತ್ತನೆ. ನರೆತ ಕೂದಲಿಗೆ ಬೇರೆ ಗೆರೆ. ಮುಖದ ಮೇಲಿನ ಗೆರೆಗಳು ಮೂಳೆಯನ್ನು ಸುತ್ತಿಕೊಂಡು ಹೋಗುತ್ತವೆ, ಹಾಗಾಗಿ ಚಪ್ಪಟೆ ಕಾಗದದ ಮೇಲೆ ದವಡೆ ಎದ್ದು ನಿಲ್ಲುತ್ತದೆ. ಅವರು ಮೂಲತಃ ಶಿಲ್ಪಿ. 1940ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಈ ಮುಖದಲ್ಲಿ ಶಿಲ್ಪಿಯ ಕೈ ಕಾಣುತ್ತದೆ ಎಂದೇ ನನ್ನ ನಂಬಿಕೆ. ಕೆತ್ತುವ ಮುನ್ನ ನಿಮ್ಮದೇ ಕೆನ್ನೆಯ ಮೇಲೆ ಬೆರಳಾಡಿಸಿ. ಬೆರಳು ಸಹಜವಾಗಿ ಜಾರಿದ ದಾರಿಯಲ್ಲೇ ಉಳಿಯೂ ಹೋಗಲಿ.

3. ಚಳಿಯಲ್ಲಿ ಲಿನೋ ಗಡುಸು. ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಉಳಿ ಸಲೀಸಾಗಿ ಓಡುತ್ತದೆ. ಎಡಗೈ ಯಾವಾಗಲೂ ಉಳಿಯ ಹಿಂದೆ ಇರಲಿ.

4. ಉಳಿಸಿದ ಕಪ್ಪು ಗೆರೆ ಕೆರೆ ಏರಿಯ ಹಾಗಿರಬೇಕು: ಬುಡ ಅಗಲ, ತಲೆ ಕಿರಿದು. ಉಳಿ ಒಳಕ್ಕೆ ಓರೆಯಾಗಿ ಹೋಗಿ ಬುಡ ಕೊರೆದರೆ, ನಾಲ್ಕು ಪ್ರತಿ ತೆಗೆಯುವಷ್ಟರಲ್ಲಿ ರೆಪ್ಪೆಯ ಗೆರೆ ಮುರಿದು ಬೀಳುತ್ತದೆ. ಮುಖದಲ್ಲಿ ಇಂಥ ನಷ್ಟವನ್ನು ತುಂಬಲು ದಾರಿಯಿಲ್ಲ. ಅದಕ್ಕೇ ಕಣ್ಣು, ತುಟಿಯ ಅಂಚುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅನುಮಾನವಿದ್ದಲ್ಲಿ ಕಡಿಮೆ ಕೆತ್ತಿ, ಪ್ರೂಫ್ ತೆಗೆದು ನೋಡಿ, ಆಮೇಲೆ ಮುಂದುವರಿಯಿರಿ.

5. ಕನ್ನಡಿ ಪಕ್ಕದಲ್ಲಿರಲಿ. ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಯಾರ ಮುಖದ ಎರಡು ಪಕ್ಕವೂ ಒಂದೇ ಸಮ ಇರುವುದಿಲ್ಲ. ತಿರುವುಮುರುವಾದರೆ ಪರಿಚಿತರೂ ಬೇರೆ ಯಾರೋ ಅನ್ನಿಸುತ್ತಾರೆ. ನೋಟಕ್ಕೂ ದಿಕ್ಕಿದೆ, ಅದು ಕಾಗದದ ಯಾವ ಅಂಚಿನತ್ತ ಹೋಗಬೇಕೆಂದು ಮೊದಲೇ ತೀರ್ಮಾನಿಸಿ.

6. ಎಲ್ಲಿ ಕೂತು ನೋಡುತ್ತೀರಿ? ಇದು ಉಳಿಗಿಂತ ದೊಡ್ಡ ಪ್ರಶ್ನೆ. ಕ್ಯಾಟ್ಲೆಟ್ ಆ ಹೆಂಗಸನ್ನು ತುಸು ಕೆಳಗಿನಿಂದ ನೋಡಿದ್ದಾರೆ. ಗದ್ದ ಎತ್ತಿಕೊಂಡಂತೆ ಕಾಣುತ್ತದೆ, ಟೋಪಿಯ ಅಂಚು ತಲೆಯ ಸುತ್ತ ಹರಡಿ ನಿಲ್ಲುತ್ತದೆ. ಬೆಳೆಯ ಪಾಲು ಜಮೀನ್ದಾರನಿಗೆ ಹೋಗಿ, ಬೀಜ ಗೊಬ್ಬರದ ಸಾಲ ಮುಂದಿನ ವರ್ಷಕ್ಕೂ ಉಳಿಯುತ್ತಿದ್ದ ಬದುಕು ಅದು. ಬಡತನವನ್ನು ಅವರು ಪಿನ್ನಿನಲ್ಲಿ ಹೇಳಿದರು, ಮುಖದಲ್ಲಿ ಹೇಳಲಿಲ್ಲ. ದುಡಿಯುವ ಹೆಂಗಸರ ಚಿತ್ರ ಎಂದಕೂಡಲೇ ಮೇಲಿನಿಂದ ಕೆಳಕ್ಕೆ ನೋಡಿ ಕರುಣೆ ಸುರಿಸುವ ಕೆಲಸಗಳನ್ನು ಬಹಳ ನೋಡಿದ್ದೇನೆ, ನನಗೆ ಅವನ್ನು ಸಹಿಸಲಾಗುವುದಿಲ್ಲ. ಸ್ಕೆಚ್ ಮಾಡುವಾಗ ಎದುರಿಗಿರುವಾಕೆಯನ್ನು ಕುರ್ಚಿಯಲ್ಲಿ ಕೂರಿಸಿ, ನೀವು ನೆಲದ ಮೇಲೆ ಕೂತುಕೊಳ್ಳಿ.

7. ಇಂಕು ತೆಳು. ರೋಲರ್ ಉರುಳುವಾಗ ಸಣ್ಣಗೆ ಸರ್‌ ಸರ್‌ ಸದ್ದು ಬಂದರೆ ಹದ ಸರಿ. ಪಚಪಚ ಎಂದರೆ ಹೆಚ್ಚಾಯಿತು, ಕೂದಲಿನ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಪ್ರೆಸ್ ಇಲ್ಲದಿದ್ದರೆ ತೆಳು ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿ. ಕೈಯಲ್ಲಿ ಉಜ್ಜಿದ ಅಚ್ಚನ್ನು ಕೀಳೆಂದು ಭಾವಿಸಬೇಡಿ.

8. ಹೆಚ್ಚು ಪ್ರತಿ ತೆಗೆಯಿರಿ, ಕಡಿಮೆ ಬೆಲೆಗೆ ಕೊಡಿ. ಕ್ಯಾಟ್ಲೆಟ್ 1946ರಲ್ಲಿ ಮೆಕ್ಸಿಕೋಗೆ ಹೋಗಿ ‘ತಯೇರ್ ದೆ ಗ್ರಾಫಿಕಾ ಪಾಪುಲರ್’ ಸೇರಿದರು. 1937ರಲ್ಲಿ ಶುರುವಾದ ಆ ಕಾರ್ಯಾಗಾರದವರು ಲಿನೋವನ್ನು ಹಿಡಿದದ್ದು ಅದು ಅಗ್ಗ, ಬೇಗ ಕೆತ್ತಬಹುದು, ಗೋಡೆಗಂಟಿಸುವ ಪೋಸ್ಟರಿಗೂ ಆದೀತು ಎಂಬ ಕಾರಣಕ್ಕೆ. ಚಿತ್ರದಲ್ಲಿರುವಂಥವರ ಮನೆಗೂ ಚಿತ್ರ ತಲುಪಬೇಕು ಎಂಬ ಹಟ ಅವರದು. ಪ್ರತಿಗಳನ್ನು ಬೇಕೆಂದೇ ಕಡಿಮೆ ಮಾಡಿ ಬೆಲೆ ಏರಿಸುವುದು ಈ ಮಾಧ್ಯಮಕ್ಕೆ ಒಗ್ಗುವುದಿಲ್ಲ.

9. ಬಣ್ಣ ಆಮೇಲೆ. ‘ಶೇರ್‌ಕ್ರಾಪರ್’ಗೆ ಬಣ್ಣದ ಪ್ರತಿಗಳೂ ಇವೆ: ಮುಖಕ್ಕೆ ಕಂದು, ಜಾಕೆಟ್ಟಿಗೆ ಹಸಿರು. ಪಿಕಾಸೊ 1958ರಲ್ಲಿ ಜರ್ಮನ್ ಚಿತ್ರಕಾರ ಕ್ರಾನಾಕ್‌ನ ಚಿತ್ರವೊಂದನ್ನು ಆಧರಿಸಿ ಹೆಣ್ಣಿನ ಮುಖ ಮಾಡಿದಾಗ ಬಣ್ಣಬಣ್ಣಕ್ಕೆ ಬೇರೆ ಬೇರೆ ಹಾಳೆ ಕೆತ್ತಿದರು. ಆಮೇಲೆ ಒಂದೇ ಹಾಳೆಯನ್ನು ಹಂತಹಂತವಾಗಿ ಕೆತ್ತುತ್ತಾ ಅಚ್ಚು ಹಾಕುವ ದಾರಿ ಹಿಡಿದರು. ಹೊಸಬರಿಗೆ ನಾನು ಹೇಳುವುದು ಬೇರೆ ಹಾಳೆಯ ವಿಧಾನವನ್ನೇ. ಮೊದಲು ಕಪ್ಪು ಹಾಳೆ ಪೂರ್ತಿ ಮುಗಿಯಲಿ, ಅದರ ಅಚ್ಚು ಗೋಡೆಯ ಮೇಲೆ ಕೆಲವು ದಿನ ಇರಲಿ. ಬಣ್ಣ ಬೇಕೆಂದು ಆ ಮುಖ ಕೇಳಿದರೆ ಮಾತ್ರ ಎರಡನೆಯ ಹಾಳೆ ಕೆತ್ತಿ.